ತುಳಸಿಕಟ್ಟೆಗೆ ಪ್ಲಾಸ್ಟಿಕ್ ಹುಲ್ಲು ಸಲ್ಲುತ್ತದೆಯೇ?

ಕಪಿಲಾ ನದಿಗೆ ನಂಜನಗೂಡು ಸೀಮೆಯ ಹುಲ್ಲಹಳ್ಳಿಯಲ್ಲಿ ಕಟ್ಟಿರುವ ಅಣೆಕಟ್ಟೆಯಿಂದ ಹೊರಡುವ ನಾಲೆಯ ಕೆಳಗೆ ಭತ್ತದ ಗದ್ದೆಗಳಿವೆ. ಆ ಗದ್ದೆಗಳ ಬದುಗಳನ್ನು ಕಾಯುವುದು ಹುಲ್ಲು. ಗರಿಕೆಯ ಬಳ್ಳಿ ನೆಲಕ್ಕೆ ತಾಗಿದ ಕಡೆಯಲ್ಲೆಲ್ಲ ಗೆಣ್ಣಿನಿಂದ ಬೇರು ಇಳಿಸುತ್ತದೆ. ಎಳೆದು ಕಿತ್ತರೆ ಮೇಲಿನ ಹಸಿರು ಕೈಗೆ ಬರುತ್ತದೆ, ಮಣ್ಣೊಳಗಿನ ಬಿಳಿ ದಂಟು ಅಲ್ಲೇ ಉಳಿದು ಮತ್ತೆ ಚಿಗುರುತ್ತದೆ. ಬದುವಿನ ಮೇಲಿದ್ದಾಗ ಅದು ಮಣ್ಣಿಗೆ ಆಸರೆ, ದನಕ್ಕೆ ಮೇವು. ಗದ್ದೆಯೊಳಕ್ಕೆ ಇಳಿದರೆ ಕಳೆ. ಗಣೇಶ ಚೌತಿಯ ಬೆಳಗ್ಗೆ ಅದರದ್ದೇ ಕುಡಿಗಳನ್ನು ಇಪ್ಪತ್ತೊಂದರ ಲೆಕ್ಕದಲ್ಲಿ ಎಣಿಸಿ ದೇವರಿಗೆ ಏರಿಸುತ್ತಾರೆ.

ಅಂಚಿಗೆ ಹುಲ್ಲು ಹಾಕುವುದು ಈ ಸೀಮೆಗೆ ಹೊಸದಲ್ಲ ಎಂದಾಯಿತು. ಆ ಹುಲ್ಲು ಪ್ಲಾಸ್ಟಿಕ್ಕಿನದಾಗಿರುವುದು ಹೊಸದು. ಮನೆಯಂಗಳದ ಏರುಮಡಿಗಳಿಗೆ, ತಾರಸಿಯ ತರಕಾರಿ ಮಡಿಗಳಿಗೆ, ಕೊನೆಗೆ ತುಳಸಿಕಟ್ಟೆಗೂ ಈಗ ಕೃತಕ ಹುಲ್ಲಿನ ಪಟ್ಟಿ ಸುತ್ತುವುದುಂಟು. ಚದರ ಅಡಿ ಲೆಕ್ಕದಲ್ಲಿ ಸುರುಳಿ ತಂದು, ಅಗಲಕ್ಕೆ ಕತ್ತರಿಸಿ, ಅಂಟು ಹಚ್ಚಿ ಒತ್ತಿದರೆ ಮುಗಿಯಿತು. ನೀರು ಬೇಡ, ಕಳೆ ಕೀಳಬೇಕಿಲ್ಲ, ಬೇಸಿಗೆಯಲ್ಲೂ ಹಸಿರು. ತೋಟಗಾರಿಕೆಯ ಮಟ್ಟಿಗೆ ಇದು ಅನುಕೂಲದ ಮಾತು. ಆದರೆ ತುಳಸಿಯಂಥ ಜೀವವನ್ನು ಪೂಜಿಸುವ ಕಟ್ಟೆಯ ಸುತ್ತ ಜೀವವಿಲ್ಲದ ಹಸಿರು ಇರಬಹುದೇ ಎಂದು ಕೇಳಿದರೆ ಅದು ಧರ್ಮದ ಪ್ರಶ್ನೆಯಾಗುತ್ತದೆ.

ಇರಬಹುದು ಎನ್ನುವವರ ವಾದವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಜೈನ ದರ್ಶನ ಗಿಡಬಳ್ಳಿಗಳನ್ನು ವನಸ್ಪತಿಕಾಯ ಜೀವ ಎನ್ನುತ್ತದೆ; ಸ್ಪರ್ಶವೊಂದೇ ಇಂದ್ರಿಯವಾಗಿರುವ ಜೀವ. ಪಕ್ಕದ ಚಾಮರಾಜನಗರ ಜಿಲ್ಲೆಯ ಮಲೆಯೂರಿನ ಕನಕಗಿರಿಯಂಥ ಕ್ಷೇತ್ರಗಳಿಗೆ ಬರುವ ಮುನಿಗಳು ಹಸಿರು ಹುಲ್ಲಿನ ಮೇಲೆ ಕಾಲಿಡುವುದಿಲ್ಲ. ಮಳೆಗಾಲದಲ್ಲಿ ನೆಲವೆಲ್ಲ ಮೊಳಕೆ, ಹುಳುಹುಪ್ಪಟೆಗಳಿಂದ ತುಂಬುವುದರಿಂದ ಚಾತುರ್ಮಾಸ್ಯವೆಂದು ಒಂದೇ ಕಡೆ ನಿಲ್ಲುತ್ತಾರೆ. ಹಾಗಾದರೆ ಕತ್ತರಿಸಿದರೂ ನೋಯದ, ತುಳಿದರೂ ಸಾಯದ ಹುಲ್ಲು ಅಹಿಂಸೆಗೆ ಹೆಚ್ಚು ಹತ್ತಿರವಲ್ಲವೇ?

ಇನ್ನೊಂದು ವಾದ ಪೂಜೆಯ ಒಳಗಿನಿಂದಲೇ ಬರುತ್ತದೆ. ಬೆಳ್ಳಿಯ ಗರಿಕೆ, ಬೆಳ್ಳಿಯ ಬಿಲ್ವಪತ್ರೆ ಎಷ್ಟು ಮನೆಗಳ ದೇವರ ಪೆಟ್ಟಿಗೆಯಲ್ಲಿಲ್ಲ! ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದಲ್ಲಿ ಪಚ್ಚೆಯ ಲಿಂಗವಿದೆ. ಪಟ್ಟದಾನೆಯ ಕಣ್ಣು ವಾಸಿಯಾದದ್ದಕ್ಕೆ ಟಿಪ್ಪು ಸುಲ್ತಾನ್ ಅದನ್ನು ಅರ್ಪಿಸಿ, ದೇವರನ್ನು ಹಕೀಂ ನಂಜುಂಡ ಎಂದು ಕರೆದನೆಂಬುದು ಪ್ರತೀತಿ. ಜೀವವಿಲ್ಲದ ಹಸಿರು ಗರ್ಭಗುಡಿಯ ಆವರಣದಲ್ಲೇ ಪೂಜೆಗೊಳ್ಳುತ್ತಿರುವಾಗ ಅಂಗಳದ ಕಟ್ಟೆಗೆ ಯಾಕೆ ಬೇಡ?

ಆದರೆ ಬೆಳ್ಳಿ ಗರಿಕೆ ತಾನು ಹುಲ್ಲೆಂದು ನಂಬಿಸಲು ಬರುವುದಿಲ್ಲ, ಪಚ್ಚೆ ಕಲ್ಲಾಗಿಯೇ ಕೂತಿರುತ್ತದೆ. ಎರಡೂ ಕಾಣಿಕೆಗಳು, ಕೊಟ್ಟವರು ತಮಗೆ ಬೆಲೆಯುಳ್ಳದ್ದನ್ನು ಬಿಟ್ಟುಕೊಟ್ಟಿದ್ದಾರೆ. ಬೆಳ್ಳಿ ಗರಿಕೆ ಇಟ್ಟ ಮನೆಯವರೂ ಚೌತಿಗೆ ಹಸಿ ಗರಿಕೆ ಹುಡುಕಿಕೊಂಡು ಹೋಗುತ್ತಾರೆ. ಪ್ಲಾಸ್ಟಿಕ್ ಪಟ್ಟಿಯನ್ನು ಹಾಕಿಸುವುದು ಏನನ್ನೂ ಕೊಡಬೇಕಾಗದಿರಲಿ ಎಂದು. ನೀರು, ಹೊತ್ತು, ಬಗ್ಗಿ ಕಳೆ ಕೀಳುವ ಬೆನ್ನು, ಎಲ್ಲವನ್ನೂ ಉಳಿಸಿಕೊಂಡು ಹಸಿರನ್ನು ಮಾತ್ರ ಪಡೆಯುವ ಏರ್ಪಾಡು ಅದು.

ಅಹಿಂಸೆಯ ವಾದವೂ ಮಣ್ಣಿನ ಹತ್ತಿರ ಬಂದಾಗ ಸಡಿಲವಾಗುತ್ತದೆ. ಜೈನರ ಲೆಕ್ಕದಲ್ಲಿ ಮಣ್ಣಿಗೂ ಜೀವವಿದೆ, ಅದರೊಳಗಿನ ಹುಳುವಿಗಂತೂ ಇದ್ದೇ ಇದೆ. ಕೃತಕ ಹುಲ್ಲೆಂದರೆ ಪಾಲಿಎಥಿಲೀನ್, ಪಾಲಿಪ್ರೊಪಿಲೀನ್ ಅಥವಾ ನೈಲಾನ್ ಎಳೆಗಳು; ಕೆಳಗೆ ಅವನ್ನು ಹಿಡಿದಿಡುವ ಲೇಪದ ಹಾಸು. ಜೀವಂತ ಹುಲ್ಲು ನೀರನ್ನು ಆವಿಯಾಗಿ ಬಿಟ್ಟು ತನ್ನನ್ನು ತಂಪಾಗಿಟ್ಟುಕೊಳ್ಳುತ್ತದೆ. ಪ್ಲಾಸ್ಟಿಕ್ಕಿಗೆ ಆ ಶಕ್ತಿಯಿಲ್ಲ. ಕಡುಬಿಸಿಲಿನಲ್ಲಿ ಅದರ ಮೈ 60 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಏರುಮಡಿಯ ಅಂಚಿನ ಎಳೆ ಬೇರುಗಳಿಗೆ ಆ ಕಾವು ಹಿತವಲ್ಲ. ಮರದ ಹಲಗೆಯ ಮಡಿಯಾದರೆ ಹಾಸಿನ ಹಿಂದೆ ತೇವ ಸಿಕ್ಕಿಕೊಂಡು ಹಲಗೆ ಕೊಳೆಯುತ್ತದೆ.

ಈ ಹುಲ್ಲು ಪ್ರಸಿದ್ಧಿಗೆ ಬಂದ ಕತೆಯನ್ನೇ ನೋಡಿ. ಅಮೆರಿಕದ ಹ್ಯೂಸ್ಟನ್ನಿನಲ್ಲಿ 1965ರಲ್ಲಿ ಆಸ್ಟ್ರೊಡೋಮ್ ಎಂಬ ಚಾವಣಿಯುಳ್ಳ ಕ್ರೀಡಾಂಗಣ ತೆರೆಯಿತು. ಒಳಗೆ ಬೆಳೆಸಿದ್ದು ಗರಿಕೆಯ ಕುಲದ್ದೇ ಆದ ಬರ್ಮುಡಾ ಹುಲ್ಲು. ಚಾವಣಿಯಿಂದ ಬರುವ ಬೆಳಕು ಆಟಗಾರರ ಕಣ್ಣು ಕುಕ್ಕುತ್ತದೆಂದು ಅದಕ್ಕೆ ಬಣ್ಣ ಬಳಿದರು. ಬಿಸಿಲು ಸಿಗದೆ ಹುಲ್ಲು ಸತ್ತಿತು. 1966ರಲ್ಲಿ ಮೊನ್ಸಾಂಟೊ ಕಂಪನಿಯ ನೈಲಾನ್ ಹುಲ್ಲು ಅಲ್ಲಿಗೆ ಬಂತು. ಸೂರ್ಯನನ್ನು ಮುಚ್ಚಿದ ಮೇಲೆ ಬೇಕಾದ ಹುಲ್ಲು ಅದು. ನಂಜನಗೂಡು, ತಿರುಮಕೂಡಲು ನರಸೀಪುರದ ಅಂಗಳಗಳಲ್ಲಿ ಬಿಸಿಲಿಗೇನೂ ಕೊರತೆಯಿಲ್ಲ.

ಅದೇ ಬಿಸಿಲು ವರ್ಷಗಳು ಕಳೆದಂತೆ ಪ್ಲಾಸ್ಟಿಕ್ ಎಳೆಗಳನ್ನು ಪೆಡಸಾಗಿಸಿ ಪುಡಿ ಉದುರಿಸುತ್ತದೆ. ಕೃತಕ ಹುಲ್ಲಿನ ಮೈದಾನಗಳಿಗೆ ತುಂಬುವ ರಬ್ಬರ್, ಪ್ಲಾಸ್ಟಿಕ್ ಹರಳುಗಳು ಮಣ್ಣು ನೀರಿಗೆ ಸೇರುತ್ತವೆಂದು ಯೂರೋಪಿಯನ್ ಒಕ್ಕೂಟ 2023ರಲ್ಲಿ ಅವುಗಳ ಮಾರಾಟ ನಿಲ್ಲಿಸಲು ನಿಯಮ ತಂದು, 8 ವರ್ಷಗಳ ಗಡುವು ಕೊಟ್ಟಿತು. ಮನೆಯ ಮಡಿಗೆ ಹರಳು ತುಂಬುವುದಿಲ್ಲ, ನಿಜ. ಆದರೆ ಎಳೆ ಉದುರುವುದು ತಪ್ಪದು. ದೇವರಿಗೆ ಏರಿಸಿದ ಹೂವು, ಗರಿಕೆ ಬಾಡಿ ನಿರ್ಮಾಲ್ಯವಾಗಿ ಗಿಡದ ಬುಡಕ್ಕೆ ಹೋಗುತ್ತವೆ, ಮಣ್ಣಾಗುತ್ತವೆ. ಪ್ಲಾಸ್ಟಿಕ್ ಪುಡಿ ನಿರ್ಮಾಲ್ಯವಾಗಲಾರದು. ತೀರ್ಥದಲ್ಲಿ ಬೀಳುವ ತುಳಸಿದಳ ಬರುವುದು ಆ ಕಟ್ಟೆಯ ಮಣ್ಣಿನಿಂದಲೇ.

ಅಲ್ಲಮಪ್ರಭುವಿನ ವಚನವೊಂದರಲ್ಲಿ ಮೈಯೇ ತೋಟ, ಮನಸ್ಸೇ ಗುದ್ದಲಿ. ಅಗೆಯುವುದು, ಕೀಳುವುದು, ನೀರು ಹನಿಸುವುದು ಅಲ್ಲಿ ಸಾಧನೆಯ ಮಾತುಗಳಾಗಿ ಬಂದಿವೆ. ತೋಟದ ಕೆಲಸ ತಿಳಿದವರ ನಡುವೆ ಹುಟ್ಟಿದ ಮಾತದು. ತುಳಸಿಗೆ ದಿನಾ ಒಂದು ತಂಬಿಗೆ ನೀರೆರೆದು ಸುತ್ತು ಬರುವ ಅಜ್ಜಿಯ ಪೂಜೆಯಲ್ಲಿ ಮಂತ್ರಕ್ಕಿಂತ ಹೆಚ್ಚು ಪಾಲು ಈ ಆರೈಕೆಯದ್ದು. ಕಾರ್ತಿಕದ ಉತ್ಥಾನ ದ್ವಾದಶಿಗೆ ನೆಲ್ಲಿಯ ಕೊಂಬೆ ನೆಟ್ಟು ತುಳಸಿಗೆ ಮದುವೆ ಮಾಡುವ ಮನೆ, ವರ್ಷವಿಡೀ ಅದರ ಬುಡ ನೋಡಿಕೊಂಡ ಮನೆ. ಆರೈಕೆಯನ್ನು ಕಳೆದು ಪೂಜೆಯನ್ನು ಉಳಿಸಿಕೊಳ್ಳಲು ಹೊರಟಾಗ ಕೈಯಲ್ಲಿ ಉಳಿಯುವುದು ಅಲಂಕಾರ.

ಮಂಡಿನೋವಿನವರಿಗೆ, ಬೇಸಿಗೆಯಲ್ಲಿ ಕೊಡ ಎಣಿಸಿ ನೀರು ಬಳಸುವವರಿಗೆ ಹುಲ್ಲು ಸಾಕಿ ಎಂದು ಹೇಳುವುದು ನ್ಯಾಯವಲ್ಲ. ಹುಲ್ಲೇ ಬೇಕೆಂದು ಯಾವ ಶಾಸ್ತ್ರದ ಕಟ್ಟಳೆಯೂ ಅವರ ಮೇಲಿಲ್ಲ. ಬರಿಯ ಇಟ್ಟಿಗೆ, ಕಲ್ಲು ಸಾಕು. ಸುಣ್ಣ ಬಳಿದು ಕೆಮ್ಮಣ್ಣಿನ ಪಟ್ಟೆ ಎಳೆದರೆ ಕಟ್ಟೆಗೆ ಅದಕ್ಕಿಂತ ಶೋಭೆ ಬೇಡ. ಅಂಚು ಹಸಿರಾಗಿಯೇ ಇರಲಿ ಎನ್ನುವವರು ತರಕಾರಿ ಮಡಿಯ ಬದಿಗೆ ಒಂದೆಲಗ, ದೊಡ್ಡಪತ್ರೆ ನೆಡಬಹುದು, ಚಟ್ನಿಗೂ ಆಯಿತು. ಗರಿಕೆಯನ್ನು ಮಾತ್ರ ಮಡಿಯಿಂದ ದೂರ, ಅಂಗಳದ ಒಂದು ಮೂಲೆಯಲ್ಲಿ ಬೆಳೆಸುವುದು ಲೇಸು, ಅದು ಒಳಕ್ಕೆ ನುಗ್ಗದೆ ಬಿಡುವುದಿಲ್ಲ.

ಪ್ಲಾಸ್ಟಿಕ್ ಪಟ್ಟಿ ಈಗಾಗಲೇ ಸುತ್ತಿಸಿದವರು ಅದನ್ನು ಎಳೆ ಉದುರುವ ಮೊದಲೇ ಬಿಚ್ಚಿ, ಕಾಲೊರಸಾಗಿ ಬಾಗಿಲಿಗೆ ಹಾಕಿಕೊಳ್ಳಲಿ. ಒಲೆಗೆ ಹಾಕುವುದಂತೂ ಬೇಡ, ಹೊಗೆ ವಿಷ. ಮುಂಗಾರಿನ ಮೊದಲ ಮಳೆ ಬಿದ್ದಾಗ ಗದ್ದೆಯ ಬದುವಿನಿಂದ ಗೆಣ್ಣಿರುವ ಗರಿಕೆಯ ನಾಲ್ಕು ತುಂಡು ತಂದು ಅಂಗಳದ ಮೂಲೆಯಲ್ಲಿ ಊರಿದರೆ, ಚೌತಿಯ ಹೊತ್ತಿಗೆ ಮನೆಯ ಗಣಪತಿಗೆ ಆಗುವಷ್ಟು ಕುಡಿ ಸಿಗುತ್ತದೆ.