ಬಸುರಿ ಇರುವ ಮನೆಯಲ್ಲಿ ಹಾರಿ, ಗುದ್ದಲಿ

“ಬಸುರಿ ಹೆಣ್ಮಗಳು ಮನ್ಯಾಗ ಇದ್ದಾಗ ಗ್ವಾಡಿಗಿ ಹಾರಿ ಹಚ್ಚಬಾರ್ದು.”

ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಕಡೆ ಆಯಿಗಳ ಬಾಯಲ್ಲಿ ಈ ಮಾತು ಇಂದಿಗೂ ಕೇಳಿಬರುತ್ತದೆ. ನೆಲ ಅಗೆಯಬಾರದು, ಹೊಸ ಚೌಕಟ್ಟು ನಿಲ್ಲಿಸಬಾರದು, ಇದ್ದ ಬಾಗಿಲು ಮುಚ್ಚಬಾರದು. ಗರ್ಭಿಣಿಯ ಗಂಡ ಯಾವ್ಯಾವ ಕೆಲಸಕ್ಕೆ ಕೈ ಹಾಕಬಾರದು ಎಂದು ಹೇಳುವ ಹಳೆಯ ಧರ್ಮಶಾಸ್ತ್ರಗಳು ಕ್ಷೌರ, ದೂರಪ್ರಯಾಣಗಳ ಜೊತೆಗೆ ಮನೆ ಕಟ್ಟುವುದನ್ನೂ ಸೇರಿಸಿವೆ. ಕಲಬುರಗಿಯಲ್ಲಿ ನೌಕರಿ ಮಾಡುವ ಮೊಮ್ಮಗನಿಗೆ ಇದು ಒಪ್ಪಿಗೆಯಾಗುವುದಿಲ್ಲ. “ಕೂಸು ಬರೂದ್ರಾಗ ಮನಿ ಸರಿ ಆಗಬೇಕಲಾ ಆಯಿ?” ಎಂದು ಅವನು ಕೇಳುತ್ತಾನೆ. ಇಬ್ಬರೂ ಹೇಳುತ್ತಿರುವುದು ಒಂದೇ ಕೂಸಿನ ಒಳಿತಿಗಾಗಿ. ಒಬ್ಬರ ಮಾತು ಮೂಢನಂಬಿಕೆ, ಇನ್ನೊಬ್ಬರದು ತಿಳಿವಳಿಕೆ ಎಂದು ತೀರ್ಪು ಕೊಟ್ಟು ಎದ್ದುಹೋಗುವುದು ಸುಲಭ. ನನಗೆ ಹಾಗೆ ಮಾಡಲು ಮನಸ್ಸಿಲ್ಲ.

ಮೊದಲು ಮೊಮ್ಮಗನ ಮಾತನ್ನೇ ನೋಡೋಣ. ಎಷ್ಟೋ ವರ್ಷ ಸೋರಿದ ಮಾಳಿಗೆಯ ಕೆಳಗೆ ಪಾತ್ರೆ ಇಟ್ಟುಕೊಂಡೇ ಮಳೆಗಾಲ ಕಳೆದ ಮನೆಯವರು, ಸೊಸೆಗೆ ಮೂರು ತಿಂಗಳಾಯಿತೆಂದು ಗೊತ್ತಾದ ಕೂಡಲೆ ತಲೆಯೆತ್ತಿ ಜಂತಿಗಳನ್ನು ನೋಡತೊಡಗುತ್ತಾರೆ. ಬಚ್ಚಲಿಗೆ ಹೋಗಬೇಕಾದರೆ ಕತ್ತಲಲ್ಲಿ ಅಂಗಳ ದಾಟಬೇಕು, ಸಂಡಾಸದ ಮೆಟ್ಟಿಲು ಕಡಿದಾಗಿದೆ, ಒಳಕೋಣೆಗೆ ಕಿಟಕಿಯೇ ಇಲ್ಲ. ಇದೆಲ್ಲ ನಿನ್ನೆಯೂ ಹೀಗೆಯೇ ಇತ್ತು, ಅತ್ತೆ ಇದರಲ್ಲೇ ನಾಲ್ಕು ಹಡೆದಿದ್ದಳು, ಆಗ ಯಾರಿಗೂ ಕಂಡಿರಲಿಲ್ಲ. ಇನ್ನೂ ಹುಟ್ಟದ ಮಗುವೊಂದು ಮನೆಯ ಕೊರತೆಗಳನ್ನು ಮನೆಯವರ ಕಣ್ಣಿಗೆ ಕಾಣಿಸಿತಲ್ಲ, ಅದು ಸಣ್ಣ ಸಂಗತಿಯಲ್ಲ. ಆ ಆಸೆಯನ್ನು ಹಳಿಯಬಾರದು.

ಅದಕ್ಕೆ ಭಯದ ಕಾರಣವೂ ಇದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಜನ ಮಲಗಿದ ಹೊತ್ತಿಗೆ, ಗಡಿಯಾಚೆಯ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ನೆಲ ನಡುಗಿತು. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸತ್ತವರು ಹತ್ತು ಸಾವಿರದ ಸಮೀಪ. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಅವರದೇ ಮನೆಗಳು. ಮಣ್ಣಿನಲ್ಲಿ ಕೂಡಿಸಿದ ದಪ್ಪ ಕಲ್ಲಿನ ಗೋಡೆ, ಅದರ ಮೇಲೆ ಅಡಿಗಟ್ಟಲೆ ಮಣ್ಣು ಹೊತ್ತ ಮಾಳಿಗೆ. ನಮ್ಮ ಹಳ್ಳಿಗಳ ಹಳೆಯ ಮನೆಗಳೂ ಅದೇ ಜಾತಿಯವು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ, ಬಿಡದೆ ಮಳೆ ಸುರಿದಾಗ ಕಲಬುರಗಿ ಜಿಲ್ಲೆಯಲ್ಲಿ ಇಂಥ ಎಷ್ಟೋ ಗೋಡೆಗಳು ಕುಸಿದವು. ಮರುವರ್ಷ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ಮೇಲಿಂದ ಮೇಲೆ ನೆಲ ಅದುರಿ, ಜನ ಮಕ್ಕಳುಮರಿ ಕಟ್ಟಿಕೊಂಡು ರಾತ್ರಿಯೆಲ್ಲ ಬಯಲಲ್ಲಿ ಕುಳಿತರು. ಹೀಗಿರುವಾಗ ಹೊಟ್ಟೆ ಬಿಟ್ಟುಕೊಂಡ ಗೋಡೆಯ ಪಕ್ಕದಲ್ಲಿ ತೊಟ್ಟಿಲು ಕಟ್ಟು ಎಂದು ಯಾವ ಬಾಯಿಂದ ಹೇಳುವುದು? ಸೋರುವ ಮಾಳಿಗೆ, ಬಿರುಕು ಬಿಟ್ಟ ಗೋಡೆ ಇದ್ದರೆ ಸರಿಪಡಿಸಲೇಬೇಕು. ಅದಕ್ಕೆ ಮುಹೂರ್ತ ನೋಡುತ್ತ ಕೂರುವಂತಿಲ್ಲ.

ಆದರೆ ಮನೆ ರಿಪೇರಿ ಎಂದು ಶುರುವಾದದ್ದು ಅಲ್ಲಿಗೇ ನಿಲ್ಲುವುದು ಅಪರೂಪ. ಮಾಳಿಗೆ ತೆಗೆದ ಮೇಲೆ ಸ್ಲ್ಯಾಬ್ ಬೇಕು. ಸ್ಲ್ಯಾಬ್ ಬಂದ ಮೇಲೆ ಪಡಸಾಲೆ ಯಾಕೆ, ನಡುವಿನ ಗೋಡೆ ತೆಗೆದರೆ ದೊಡ್ಡ ಹಾಲ್ ಆಗುತ್ತದೆ. ಹಾಲ್ ಆದ ಮೇಲೆ ನೆಲಕ್ಕೆ ಶಹಾಬಾದಿನ ಪರಸಿ ಒಪ್ಪುವುದಿಲ್ಲ, ಹೊಳೆಯುವ ಟೈಲ್ಸೇ ಆಗಬೇಕು. ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ನಮ್ಮದು ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರು. ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಎರಡು ಅಡಿ ದಪ್ಪದ ಗೋಡೆ, ಮಣ್ಣಿನ ಮಾಳಿಗೆ, ಮೇಲೊಂದು ಬೆಳಕಿಂಡಿ, ಕೆಳಗೆ ತಣ್ಣನೆಯ ಪರಸಿ, ಇವನ್ನು ನಮ್ಮ ಹಿರಿಯರು ಈ ಬಿಸಿಲಿಗಾಗಿಯೇ ಮಾಡಿಕೊಂಡದ್ದು. ತೆಳ್ಳನೆಯ ಸ್ಲ್ಯಾಬು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಅದನ್ನೇ ಕೋಣೆಯೊಳಗೆ ಬಿಡುತ್ತದೆ. ಹಸಿ ಬಾಣಂತಿ, ಹಸುಗೂಸು ಮಲಗುವುದು ಅದರ ಕೆಳಗೆ. ನೀರು ಬಿದ್ದ ಟೈಲ್ಸಿನ ಮೇಲೆ ಏಳು ತಿಂಗಳ ಬಸುರಿ ಕಾಲಿಡುವುದನ್ನು ನೋಡಿದವರಿಗೆ ಹೊಳಪಿನ ಆಸೆ ಅಲ್ಲೇ ಇಳಿದುಹೋಗಬೇಕು. ಕೂಸಿಗಾಗಿ ಎಂದು ಹೇಳಿಕೊಂಡು ಮಾಡುವ ಖರ್ಚಿನಲ್ಲಿ ಎಷ್ಟು ಭಾಗ ಕೂಸಿಗೆ, ಎಷ್ಟು ಭಾಗ ನಾಮಕರಣಕ್ಕೆ ಬರುವ ಬೀಗರ ಕಣ್ಣಿಗೆ? ಈ ಲೆಕ್ಕವನ್ನು ಪ್ರತಿ ಮನೆಯ ಯಜಮಾನ ತನಗೆ ತಾನೇ ಪ್ರಾಮಾಣಿಕವಾಗಿ ಮಾಡಿಕೊಳ್ಳಬೇಕು.

ಇನ್ನು ಆಯಿಯ ಮಾತು. ಗೋಡೆಗೆ ಹಾರಿ ಹಚ್ಚಿದರೆ ಗರ್ಭಕ್ಕೆ ದೋಷ ತಟ್ಟುತ್ತದೆ ಎಂಬ ಅವಳ ಕಾರಣ ನಿಜವಲ್ಲ. ಅವಳ ಎಚ್ಚರಿಕೆ ನಿಜ. ಹಳೆಯ ಬಾಗಿಲು, ಕಿಟಕಿಗಳ ಎಣ್ಣೆಬಣ್ಣವನ್ನು ಉಜ್ಜಿ ತೆಗೆದಾಗ ಏಳುವ ಧೂಳಿನಲ್ಲಿ ಸೀಸ ಇರಬಹುದು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಬಣ್ಣಕ್ಕೆ ಯಾವ ಭರವಸೆಯೂ ಇಲ್ಲ. ತಾಯಿಯ ರಕ್ತ ಸೇರಿದ ಸೀಸ ಗರ್ಭದ ಮಗುವಿಗೂ ದಾಟುತ್ತದೆ, ಅದರ ಮಿದುಳಿನ ಬೆಳವಣಿಗೆಗೆ ಏಟು ಹಾಕುತ್ತದೆ. ಇಷ್ಟು ಪ್ರಮಾಣದವರೆಗೆ ಅಪಾಯವಿಲ್ಲ ಎಂದು ಹೇಳಬಹುದಾದ ಮಿತಿಯೇ ಗೊತ್ತಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಳೆಯ ಸಿಮೆಂಟ್ ಪತ್ರಾ ಒಡೆದರೆ ಕಲ್ನಾರಿನ ಎಳೆಗಳು ಗಾಳಿಗೆ ಸೇರುತ್ತವೆ. ಕಲ್ಲು, ಟೈಲ್ಸನ್ನು ಮಷಿನ್ನಿನಿಂದ ಕೊಯ್ಯುವಾಗ ಬರುವ ನುಣುಪು ಧೂಳು ಪುಪ್ಪುಸದ ತಳದವರೆಗೆ ಹೋಗಿ ಕೂರುತ್ತದೆ. ಗಿಲಾವಕ್ಕೆ, ಸ್ಲ್ಯಾಬಿಗೆ ನೀರುಣಿಸಲು ತುಂಬಿಸಿಟ್ಟ ಡ್ರಮ್ಮು, ತೆರೆದ ಸಂಪುಗಳಲ್ಲಿ ಡೆಂಗಿ ಹರಡುವ ಸೊಳ್ಳೆ ಒಂದೆರಡು ವಾರದೊಳಗೆ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆದುಬಿಡುತ್ತದೆ. ಬಸುರಿಯರಿಗೆ ಡೆಂಗಿ ಎಷ್ಟು ಕೆಟ್ಟದ್ದೆಂದು ವೈದ್ಯರನ್ನು ಕೇಳಿ. ಆಯಿಗೆ ಸೀಸವೂ ಗೊತ್ತಿಲ್ಲ, ಕಲ್ನಾರೂ ಗೊತ್ತಿಲ್ಲ. ಧೂಳಲ್ಲಿ, ಸಪ್ಪಳದಲ್ಲಿ, ಹರವಿದ ಕಲ್ಲುಖಡಿಯ ನಡುವೆ ಬಸುರಿ ಇರಬಾರದು ಎಂಬುದು ಮಾತ್ರ ಗೊತ್ತಿದೆ. ಅಷ್ಟು ಗೊತ್ತಿದ್ದರೆ ಸಾಕಲ್ಲ?

ನಮ್ಮ ಕಡೆಯ ರೂಢಿಯಲ್ಲಿ ಇದಕ್ಕೊಂದು ದಾರಿಯೂ ಇತ್ತು. ಏಳನೇ ತಿಂಗಳಲ್ಲೋ ಒಂಬತ್ತರಲ್ಲೋ ಕುಬಸ ಮಾಡಿ, ಹಸಿರು ಬಳೆ ತೊಡಿಸಿ, ಮೊದಲ ಬಸುರಿಯನ್ನು ತವರಿಗೆ ಕಳಿಸುತ್ತಾರೆ. ಬಾಣಂತನ ಮುಗಿಸಿ ಅವಳು ಕೂಸಿನೊಂದಿಗೆ ಮರಳುವುದು ಮೂರು ತಿಂಗಳಿಗೋ ಐದಕ್ಕೋ. ಗಂಡನ ಮನೆಯಲ್ಲಿ ಒಡೆಯುವ, ಕಟ್ಟುವ ಕೆಲಸವಿದ್ದರೆ ಆ ಅವಧಿಯಲ್ಲಿ ಮುಗಿಸಬಹುದು. ಅವಳು ಮರಳುವ ಹೊತ್ತಿಗೆ ಗಿಲಾವ ಒಣಗಿ, ಬಣ್ಣದ ವಾಸನೆ ಹೋಗಿರುತ್ತದೆ. ಈಗ ಎಲ್ಲರಿಗೂ ಅದು ಸಾಧ್ಯವಿಲ್ಲ. ನೌಕರಿ ಮಾಡುವ ಹೆಣ್ಣುಮಕ್ಕಳು ಹೆರಿಗೆಯ ವಾರದವರೆಗೂ ಕಲಬುರಗಿಯಲ್ಲೇ ಇರುತ್ತಾರೆ. ತವರಿನಲ್ಲಿ ಮಾಡುವವರು ಇಲ್ಲದವರೂ ಇದ್ದಾರೆ. ಅಂಥವರ ಮನೆಯಲ್ಲಿ ಒಡೆಯುವ ಕೆಲಸ ಬೇಗ ಮುಗಿಯಬೇಕು, ಇಲ್ಲವೆ ಹೆರಿಗೆ ಆದ ಮೇಲೆಯೇ ಶುರುವಾಗಬೇಕು. ತಡೆಯಲಾಗದ್ದೇ ಇದ್ದರೆ ಆ ದಿನಗಳಲ್ಲಿ ಅವಳು ಬೇರೆ ಕಡೆ ಇರಬೇಕು. ಗುತ್ತೇದಾರ ಹೇಳಿದ ದಿನಕ್ಕೆ ಕೆಲಸ ಮುಗಿಯುವುದಿಲ್ಲ. ಕೂಸು ಮಾತ್ರ ತನ್ನ ಹೊತ್ತಿಗೆ ಬರುತ್ತದೆ.

ಇಷ್ಟೆಲ್ಲ ತೀರ್ಮಾನವಾಗುವಾಗ ಅವಳನ್ನು ಯಾರಾದರೂ ಕೇಳಿದ್ದಾರೆಯೆ? ಮಾವ, ಗಂಡ, ಗೌಂಡಿ, ವಾಸ್ತು ಹೇಳುವವರು ಕೂತು ನಕ್ಷೆ ನೋಡುತ್ತಾರೆ. ಒಲೆ ಯಾವ ದಿಕ್ಕಿಗೆ ಎಂಬ ಚರ್ಚೆ ಒಂದು ಸಂಜೆ ನಡೆಯುತ್ತದೆ. ಆ ಒಲೆಯ ಮುಂದೆ ನಿಲ್ಲುವವಳು ಚಹಾ ತಂದಿಟ್ಟು ಒಳಗೆ ಹೋಗುತ್ತಾಳೆ. ಅವಳನ್ನು ಕೇಳಿದ್ದರೆ ದೊಡ್ಡ ಹಾಲ್‌ನ ಮಾತೇ ಬರುತ್ತಿರಲಿಲ್ಲವೇನೋ. ರಾತ್ರಿ ನಾಲ್ಕು ಸಲ ಏಳಬೇಕಾದವಳಿಗೆ ಬೇಕಾದ್ದು ಹಾಸಿಗೆಗೆ ಹತ್ತಿರ ಒಂದು ಸಂಡಾಸ, ಹಿಡಿದುಕೊಳ್ಳಲು ಗೋಡೆಗೊಂದು ಹಿಡಿಕೆ, ಗಾಳಿ ಆಡುವ ಒಂದು ಕಿಟಕಿ, ಹೊರಗಿನವರು ಬಂದಾಗ ಮಗುವಿಗೆ ಹಾಲು ಕೊಡಲು ಮುಚ್ಚಿಕೊಳ್ಳಬಹುದಾದ ಒಂದು ಬಾಗಿಲು.

ಈ ಮಾತು ಇಲ್ಲಿಗೆ ಮುಗಿಯುತ್ತಿತ್ತು, ಆ ಮನೆಯಲ್ಲಿ ಇನ್ನೊಬ್ಬ ಬಸುರಿ ಇರದಿದ್ದರೆ. ಅವಳು ಅಂಗಳದಲ್ಲಿದ್ದಾಳೆ. ಕಮಲಾಪುರ, ಚಿಂಚೋಳಿ ಕಡೆಯ ಹಳ್ಳಿ, ತಾಂಡಾಗಳಿಂದ ಗಂಡಹೆಂಡತಿ ಕೂಡಿ ಗೌಂಡಿ ಕೆಲಸಕ್ಕೆ ಬರುತ್ತಾರೆ. ಮುಂಬೈ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗಿ ಅಲ್ಲಿನ ದೊಡ್ಡ ಕಟ್ಟಡಗಳನ್ನು ಎಬ್ಬಿಸಿದ ಕೈಗಳೂ ಇವೇ. ಗಂಡಸು ಗೋಡೆ ಏರಿಸುತ್ತಾನೆ. ಹೆಂಗಸು ಉಸುಕು ಸೋಸುತ್ತಾಳೆ, ಸಿಮೆಂಟು ಕಲಸುತ್ತಾಳೆ, ಬುಟ್ಟಿ ತಲೆಗೇರಿಸಿಕೊಂಡು ಏಣಿ ಹತ್ತುತ್ತಾಳೆ. ಅವಳಿಗೆ ಎಷ್ಟು ತಿಂಗಳೆಂದು ಕೇಳುವವರಿಲ್ಲ. ಅವಳೂ ಹೇಳುವುದಿಲ್ಲ, ಹೇಳಿದರೆ ನಾಳೆಯಿಂದ ಬರಬೇಡ ಎಂದಾರು ಎಂಬ ಅಂಜಿಕೆ. ಒಳಗಿನ ಬಸುರಿಗೆ ಧೂಳು ತಾಗಬಾರದೆಂದು ಬಾಗಿಲಿಗೆ ಒದ್ದೆ ಸೀರೆ ಕಟ್ಟುತ್ತೇವೆ. ಆ ಧೂಳಿನ ಬುಟ್ಟಿಯೇ ಹೊರಗಿನ ಬಸುರಿಯ ತಲೆಯ ಮೇಲಿದೆ. ಗೋಡೆಗೆ ಹಾರಿ ಹಚ್ಚಬಾರದೆಂದ ಆಯಿ ಈ ಹೆಣ್ಣುಮಗಳ ಬಗ್ಗೆ ಏನೂ ಹೇಳಲಿಲ್ಲ. ಧರ್ಮಶಾಸ್ತ್ರವೂ ಹೇಳಲಿಲ್ಲ. ಮನೆಯ ಯಜಮಾನ ಮನೆ ಕಟ್ಟಬಾರದು ಎಂದ ನಿಯಮಕ್ಕೆ, ಇನ್ನೊಬ್ಬರ ಮನೆ ಕಟ್ಟುವವಳ ಗರ್ಭ ಕಾಣಲಿಲ್ಲ.

ಕಾನೂನಿನ ಕಣ್ಣಿಗೂ ಅವಳು ಸರಿಯಾಗಿ ಬಿದ್ದಿಲ್ಲ. ಒಳಗಿರುವ ಸೊಸೆ ಸಂಘಟಿತ ವಲಯದ ಕಂಪನಿಯಲ್ಲಿದ್ದರೆ 2017ರ ತಿದ್ದುಪಡಿಯಿಂದ ಬಂದ 26 ವಾರಗಳ ಸಂಬಳ ಸಹಿತ ಹೆರಿಗೆ ರಜೆ ಇದೆ. ಹೊರಗಿರುವವಳಿಗೆ ಒಂದು ದಿನ ತಪ್ಪಿದರೆ ಆ ದಿನದ ಕೂಲಿ ಇಲ್ಲ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕಾಯ್ದೆ, ಕೆಲಸದ ಜಾಗದಲ್ಲಿ ಮಕ್ಕಳಿಗೊಂದು ಕೋಣೆ ಇರಬೇಕೆಂದು ಹೇಳಿತು, ಆದರೆ ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಮಾತ್ರ. ಇಬ್ಬರು ಹೆಂಗಸರು ಬರುವ ಮನೆ ರಿಪೇರಿಯಲ್ಲಿ ಅವರ ಕೂಸು ಉಸುಕಿನ ಗುಡ್ಡೆಯ ಮೇಲೆ ಮಲಗುತ್ತದೆ. ಕಟ್ಟಡದ ವೆಚ್ಚದ ಮೇಲೆ ಶೇ. 1ರಷ್ಟು ಸೆಸ್ ವಸೂಲಿಯಾಗಿ ಈ ಕಾರ್ಮಿಕರ ಕಲ್ಯಾಣಕ್ಕೆ ಸೇರುವ ವ್ಯವಸ್ಥೆಯನ್ನೂ ಆಗಲೇ ಮಾಡಿದರು. ಸ್ವಂತ ವಾಸಕ್ಕೆ ಹತ್ತು ಲಕ್ಷದೊಳಗೆ ಕಟ್ಟಿಕೊಳ್ಳುವ ಮನೆಗೆ ಅದರಿಂದ ವಿನಾಯಿತಿ ಕೊಟ್ಟರು. ವಿನಾಯಿತಿ ಪಡೆದ ಮನೆಯವರ ಮೇಲೆ ಕಾನೂನಿನ ಋಣವಿಲ್ಲ, ಆದರೆ ಅವಳ ಋಣ ಇದ್ದೇ ಇದೆ.

ಆದರೂ ಅವಳಿಗೆ ಸಿಗಬಹುದಾದದ್ದು ಒಂದಿದೆ, ಅದು ಬಹಳ ಜನಕ್ಕೆ ತಿಳಿಯದು. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನ ಯಾರೇ ಆಗಲಿ ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ಹೀಗೆ ನೋಂದಾಯಿಸಿಕೊಂಡ ಹೆಣ್ಣುಮಗಳ ಮೊದಲ ಎರಡು ಹೆರಿಗೆಗಳಿಗೆ ತಾಯಿ ಲಕ್ಷ್ಮೀ ಬಾಂಡ್ ಎಂದು ತಲಾ ₹50,000 ಕೊಡುವ ಯೋಜನೆ ಇದೆ. ಎಷ್ಟೋ ಹೆಂಗಸರು ಗಂಡನ ಹೆಸರಲ್ಲಿ ಕಾರ್ಡು ಮಾಡಿಸಿ ಸುಮ್ಮನಾಗುತ್ತಾರೆ. ತಾವು ಹೊತ್ತ ಬುಟ್ಟಿಗೂ ಲೆಕ್ಕವಿದೆ ಎಂದು ಅವರಿಗೆ ಹೇಳಿದವರಿಲ್ಲ.

ಈ ವರ್ಷ ನಿಮ್ಮ ಮನೆಯಲ್ಲಿ ತೊಟ್ಟಿಲು ತೂಗುವುದಿದ್ದು, ಅದಕ್ಕಾಗಿ ಗೋಡೆ ಒಡೆಸುವುದಿದ್ದರೆ, ಗೌಂಡಿಗೆ ಮುಂಗಡ ಕೊಡುವ ದಿನವೇ ಕೆಲಸಕ್ಕೆ ಬರುವ ಹೆಣ್ಣುಮಕ್ಕಳ ವಿಷಯ ಮಾತಾಡಿ. ನಿಮ್ಮ ಮನೆಯ ಹಿರಿಯಳೊಬ್ಬಳು ಅವರ ಪಕ್ಕದಲ್ಲಿ ಕೂತು, ಯಾರಿಗಾದರೂ ದಿನ ತುಂಬುತ್ತಿವೆಯೆ ಎಂದು ಕೇಳಲಿ. ಇದ್ದರೆ ಅವಳನ್ನು ಕಳಿಸಬೇಡಿ. ಏಣಿ, ಬುಟ್ಟಿ ಬಿಡಿಸಿ ನೆರಳಲ್ಲಿ ಕೂತು ಮಾಡುವ ಕೆಲಸ ಕೊಡಿ, ಕೂಲಿ ಪೂರ್ತಿ ಕೊಡಿ. ದವಾಖಾನೆಗೆ ತಾಯಿ ಕಾರ್ಡು ಹಿಡಿದು ಹೋಗುವ ದಿನದ ಕೂಲಿಯನ್ನೂ ಕೊಡಿ. ಅವಳು ದುಡಿದ ದಿನಗಳನ್ನು ಬರೆದಿಟ್ಟು, ಗುತ್ತೇದಾರನಿಂದ ದೃಢೀಕರಣ ಕೊಡಿಸಿ, ಕಾರ್ಮಿಕ ಇಲಾಖೆಯಲ್ಲಿ ಅವಳದೇ ಹೆಸರಲ್ಲಿ ನೋಂದಣಿ ಮಾಡಿಸಿ. ಇಷ್ಟಕ್ಕೆ ತಗಲುವ ಹಣ ಒಂದು ಕೋಣೆಯ ಟೈಲ್ಸಿನಷ್ಟೂ ಆಗುವುದಿಲ್ಲ.