ತನ್ನ ಕಾಲ ಮೇಲೆ ತಾನು

ಯಾರ ಹಂಗಿಗೂ ಬೀಳದೆ ಬಾಳುವವನನ್ನು ಕುರಿತು ನಾವು 'ತನ್ನ ಕಾಲ ಮೇಲೆ ತಾನು ನಿಂತಿದ್ದಾನೆ' ಎನ್ನುತ್ತೇವೆ. ಮಗನಿಗೆ ನೌಕರಿ ಸಿಕ್ಕಿತೆಂದು ತಂದೆ ಹಿಗ್ಗಿ ಹೇಳುವ ಮಾತು ಅದು. ಹೆಣ್ಣುಮಕ್ಕಳಿಗೆ ಇಷ್ಟು ಓದು ಏತಕ್ಕೆಂದು ಕೇಳಿದವರಿಗೆ ತಾಯಿ ಕೊಡುವ ಉತ್ತರವೂ ಅದೇ. ನಾನೂ ಅದನ್ನು ಲೆಕ್ಕವಿಲ್ಲದಷ್ಟು ಸಲ ಆಡಿದ್ದೇನೆ. ಆದರೆ ಸೊಂಟದಿಂದ ಕೆಳಗೆ ಚಲನೆಯಿಲ್ಲದ ಒಬ್ಬನ ಎದುರಿನಲ್ಲಿ ಒಮ್ಮೆ ಆಡಿದ ಮೇಲೆ, ಆ ಮಾತು ಮೊದಲಿನಷ್ಟು ಸಲೀಸಾಗಿ ನನ್ನ ಬಾಯಿಗೆ ಬರುವುದಿಲ್ಲ.

ಅವನು ನಮ್ಮ ತೋಟದ ಕೊನೆಗಾರ. ಶಿರಸಿಯ ಕಡೆಯ ಅಡಿಕೆ ತೋಟಗಳನ್ನು ಬಲ್ಲವರಿಗೆ ಕೊನೆಗಾರನೆಂದರೆ ಯಾರೆಂದು ಹೇಳಬೇಕಾದ್ದಿಲ್ಲ. ಕಾಲಿಗೆ ತಳೆ ಸಿಕ್ಕಿಸಿಕೊಂಡು 50 ಅಡಿಯ ಮರವನ್ನೇರಿ, ಕೊನೆ ಕೊಯ್ದು, ಕೆಳಗಿಳಿಯದೆ ಆ ಮರವನ್ನೇ ಬಾಗಿಸಿ ಪಕ್ಕದ ಮರಕ್ಕೆ ದಾಟುವವನು. 2008ರ ಕೊಯ್ಲಿನಲ್ಲಿ ಹಾಗೆ ದಾಟುವಾಗ ಮರ ಮುರಿಯಿತು. ಬೆನ್ನಿಗೆ ಪೆಟ್ಟು ಬಿದ್ದವನನ್ನು ಅಲುಗಿಸದೆ, ಗಟ್ಟಿ ಹಲಗೆಯ ಮೇಲೆ ಮಲಗಿಸಿ ಸಾಗಿಸಬೇಕೆಂಬುದು ನಮಗೆ ಆಗ ತಿಳಿಯದು. ಕಂಬಳಿಯಲ್ಲಿ ಹೊತ್ತುಕೊಂಡು ರಸ್ತೆಗೆ ಓಡಿದೆವು. ಅವನ ಕಾಲು ಹೋದದ್ದು ಬಿದ್ದದ್ದರಿಂದಲೋ, ನಾವು ಹೊತ್ತದ್ದರಿಂದಲೋ? ಅವನು ಎಂದೂ ಕೇಳಲಿಲ್ಲ. ನಾನು ಕೇಳಿಕೊಳ್ಳುತ್ತಲೇ ಇದ್ದೇನೆ.

ಬೆನ್ನುಹುರಿ ಮಿದುಳಿನ ಅಪ್ಪಣೆಯನ್ನು ಕಾಲಿಗೆ ಒಯ್ಯುತ್ತದೆ, ಕಾಲಿನ ದೂರನ್ನು ಮಿದುಳಿಗೆ ತರುತ್ತದೆ. ಅದು ಕಡಿದರೆ ಎರಡೂ ನಿಲ್ಲುತ್ತವೆ. ನಡಿಗೆ ಹೋದದ್ದು ನೋಡುವವರ ಕಣ್ಣಿಗೆ ಬೀಳುತ್ತದೆ. ನೋವು ಹೋದದ್ದು ಬೀಳುವುದಿಲ್ಲ. ಅಪಾಯ ಹೆಚ್ಚಾಗಿ ಇರುವುದು ಅಲ್ಲಿ. ಕುಳಿತಲ್ಲೇ ಕುಳಿತರೆ ಚರ್ಮಕ್ಕೆ ರಕ್ತ ಹರಿಯದೆ ಹುಣ್ಣಾಗುತ್ತದೆ. ನಮ್ಮನ್ನು ಚುಚ್ಚಿ ಮಗ್ಗುಲು ಬದಲಾಯಿಸುವಂತೆ ಮಾಡುವ ನೋವು ಅವನಿಗಿಲ್ಲ. ಹಿಂದೆ ಬೆನ್ನುಹುರಿ ಮುರಿದವರು ಬಹುಮಟ್ಟಿಗೆ ಈ ಹುಣ್ಣಿನಿಂದ, ಇಲ್ಲವೆ ಮೂತ್ರದ ಸೋಂಕಿನಿಂದ ಸಾಯುತ್ತಿದ್ದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಗೆ ಬಂದ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು, ಹಗಲೂ ರಾತ್ರಿಯೂ ಎರಡು ಗಂಟೆಗೊಮ್ಮೆ ರೋಗಿಗಳ ಮಗ್ಗುಲು ತಿರುಗಿಸುವ ಏರ್ಪಾಡು ಮಾಡಿದರು. ಅಷ್ಟರಿಂದಲೇ ಎಷ್ಟೋ ಜೀವ ಉಳಿದವು. ಇಂದು ಆ ಕೆಲಸವನ್ನು ಬಹುಪಾಲು ಮಾಡುವುದು ಗಾಲಿಕುರ್ಚಿಯ ಮೇಲಿನ ಒಂದು ಒಳ್ಳೆಯ ಮೆತ್ತೆ, ಮತ್ತು ಆಗಾಗ ತೋಳೂರಿ ಮೈಯನ್ನು ಎತ್ತಿಕೊಳ್ಳುವ ಅಭ್ಯಾಸ.

ಇದಾವುದನ್ನೂ ತಿಳಿಯುವ ಗೋಜಿಗೆ ನಾವು ಹೋಗಲಿಲ್ಲ. ನಮಗೆ ಅವನು ನಿಲ್ಲಬೇಕಿತ್ತು. ಊರಲ್ಲಿ ಚಂದಾ ಎತ್ತಿದೆವು; ಅರ್ಧಕ್ಕಿಂತ ಹೆಚ್ಚು ನಾನೇ ಹಾಕಿದೆ. ಉಕ್ಕಿನ ಪಟ್ಟಿ, ಚರ್ಮದ ಬೆಲ್ಟು, ಮಂಡಿಯಲ್ಲಿ ಕೀಲು ಇರುವ ಒಂದು ಜೊತೆ ಕ್ಯಾಲಿಪರೂ ಎರಡು ಊರುಗೋಲುಗಳೂ ಬಂದವು. ದೇವಸ್ಥಾನದ ಅಂಗಳದಲ್ಲಿ ಅವನನ್ನು ಎತ್ತಿ ನಿಲ್ಲಿಸಿದೆವು. ಬೆವರು ಧಾರೆಯಾಗಿ ಇಳಿಯುತ್ತಿರಲು ಹತ್ತು ಹೆಜ್ಜೆ ಹೋದ. ಹೆಜ್ಜೆಯೆಂದರೆ, ತೋಳಿನ ಬಲದಿಂದ ಇಡೀ ಮೈಯನ್ನು ಎತ್ತಿ ಮುಂದಕ್ಕೆ ತೂಗಿಬಿಡುವುದು. ಜನ ಚಪ್ಪಾಳೆ ತಟ್ಟಿದರು. 'ಇನ್ನು ನೀನು ನಿನ್ನ ಕಾಲ ಮೇಲೆ ನಿಂತ ಹಾಗಾಯಿತು' ಎಂದೆ. ಅವನು ನಕ್ಕ. ಬಹಳ ದಿನಗಳ ಮೇಲೆ ಆ ರಾತ್ರಿ ನನಗೆ ಒಳ್ಳೆಯ ನಿದ್ರೆ ಬಂತು.

ಆರು ತಿಂಗಳ ಮೇಲೆ ಅವನ ಮನೆಗೆ ಹೋದಾಗ ಕ್ಯಾಲಿಪರುಗಳು ಬಾಗಿಲ ಹಿಂದಿನ ಗೂಟದಲ್ಲಿ ಧೂಳು ಹಿಡಿದು ತೂಗುತ್ತಿದ್ದವು. ನನಗೆ ಸಿಟ್ಟೇ ಬಂತು. 'ಯಾಕೋ, ಹಾಕಿಕೊಳ್ಳುವುದಿಲ್ಲವೇನೋ?' ಎಂದೆ.

'ಅದನ್ನ ಕಟ್ಟಿಕೊಳ್ಳೋದಕ್ಕೇ ಅರ್ಧ ತಾಸು ಬೇಕು ಹೆಗಡೇರೇ. ಕಟ್ಟಿಕೊಂಡು ಅಂಗಳ ದಾಟೋದ್ರೊಳಗೆ ರಟ್ಟೆ ಬಿದ್ದುಹೋಗ್ತದೆ. ಅವತ್ತು ನಾ ನಿಂತದ್ದು ನಿಮಗಾಗಿ' ಎಂದ. ಸ್ವಲ್ಪ ಹೊತ್ತು ಬಿಟ್ಟು, 'ಆ ಸಂಕ ಒಂದು ಅಗಲ ಮಾಡಿಸಿಕೊಟ್ಟಿದ್ರೆ ನಂಗೆ ಸಾಕಿತ್ತು' ಎಂದ.

ಅವನ ಮನೆಗೂ ರಸ್ತೆಗೂ ನಡುವೆ ಒಂದು ಹಳ್ಳ. ಅದರ ಮೇಲೆ ಎರಡು ಅಡಿಕೆ ಮರ ಜೋಡಿಸಿ ಹಾಕಿದ ಸಂಕ. ಅದರ ಮೇಲೆ ಗಾಲಿಕುರ್ಚಿ ಹೋಗದು. ಅಂಗಡಿಗಾಗಲಿ ನೆಂಟರ ಮನೆಗಾಗಲಿ ಹೋಗಬೇಕಾದರೆ ಇಬ್ಬರು ಅವನನ್ನು ಹೊತ್ತು ದಾಟಿಸಬೇಕು. ಈ ಮಾತನ್ನು ಅವನು ಮೊದಲೇ ಎರಡು ಸಲ ಹೇಳಿದ್ದ. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಕೊಡುವವನ ಕಿವಿ ಯಾವಾಗಲೂ ತುಸು ಮಂದ.

ನೆರವು ಯಾರ ಕೊರತೆಯನ್ನು ತುಂಬಬೇಕು? ಪಡೆಯುವವನದೋ, ಕೊಡುವವನದೋ? ಅವನು ಕುಳಿತಿರುವುದನ್ನು ನೋಡಲಾರದೆ ಹೋದದ್ದು ನನ್ನ ಕಣ್ಣು. ಅವನು ಎದ್ದು ನಿಂತರೆ ನಮ್ಮ ತೋಟದ ಮರ ಮುರಿಯದೇ ಇದ್ದಂತಾಗುತ್ತದೆ ಎಂದು ನನ್ನ ಮನಸ್ಸು ಒಳಗೊಳಗೇ ಲೆಕ್ಕ ಹಾಕಿತ್ತು. ಆ ಉಕ್ಕಿನ ಪಟ್ಟಿಗಳು ಎತ್ತಿ ನಿಲ್ಲಿಸಿದ್ದು ನನ್ನ ಮನಸ್ಸಾಕ್ಷಿಯನ್ನು.

ಹಾಗೆಂದು, ನಿಲ್ಲುವ ಆಸೆಯೇ ಹುಸಿ ಎಂದರೆ ಅದು ಎರಡನೆಯ ತಪ್ಪಾದೀತು. ಎಲುಬಿಗೂ ಕರುಳಿಗೂ ಒಳ್ಳೆಯದೆಂದು ವೈದ್ಯರು ನಿಲ್ಲುವ ಅಭ್ಯಾಸ ಮಾಡಿಸುವುದುಂಟು. ಎದುರಿನವರ ಕಣ್ಣನ್ನು ಸರಿಸಮದಲ್ಲಿ ನೋಡುವ ಬಯಕೆಯೂ ಕ್ಷುಲ್ಲಕವಲ್ಲ. ಇಸ್ರೇಲಿನ ಎಂಜಿನಿಯರ್ ಅಮಿತ್ ಗೋಫರ್ 1997ರ ಅಪಘಾತವೊಂದರಲ್ಲಿ ಕೈಕಾಲುಗಳ ಬಲ ಕಳೆದುಕೊಂಡರು. ಆಮೇಲೆ ಅವರು ಮೋಟಾರುಗಳಿಂದ ಕಾಲನ್ನು ನಡೆಸುವ 'ರೀವಾಕ್' ಎಂಬ ತೊಡುಗೆಯನ್ನು ಕಂಡುಹಿಡಿದರು. 2014ರಲ್ಲಿ ಅಮೆರಿಕದಲ್ಲಿ ಅದರ ಮಾರಾಟಕ್ಕೆ ಸರ್ಕಾರದ ಒಪ್ಪಿಗೆ ದೊರೆಯಿತು. ಆದರೆ ಅದಕ್ಕೆ ಊರುಗೋಲು ಹಿಡಿಯುವ ತೋಳು ಬೇಕು. ಆದ್ದರಿಂದ ಮಾಡಿದವರೇ ಅದನ್ನು ತೊಡಲಾರದೆ ಹೋದರು. ಮುಂದೆ ಅವರು ತಮ್ಮಂಥವರಿಗಾಗಿ, ನಿಲ್ಲಿಸಿಕೊಂಡೇ ಒಯ್ಯುವ ಗಾಲಿಯ ಸಾಧನವೊಂದನ್ನು ನಿರ್ಮಿಸಿದರು. ಅಲ್ಲಿ ನಿಲ್ಲಬೇಕೆಂದು ತೀರ್ಮಾನಿಸಿದವರು ಸ್ವತಃ ನಿಲ್ಲಬೇಕಾದವರು. ನಮ್ಮ ದೇವಸ್ಥಾನದ ಅಂಗಳದಲ್ಲಿ ಆ ತೀರ್ಮಾನ ನನ್ನದಾಗಿತ್ತು.

ಕುಳಿತೇ ಬಾಳಿದವರೂ ಇದ್ದಾರೆ. ವೆಲ್ಲೂರಿನ ವೈದ್ಯೆ ಮೇರಿ ವರ್ಗೀಸ್ 1954ರ ಕಾರು ಅಪಘಾತದಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡರು. ನಿಂತು ಮಾಡುವ ಶಸ್ತ್ರಚಿಕಿತ್ಸೆ ಅವರಿಗೆ ದೂರವಾಯಿತು. ಆದರೆ ಕುಷ್ಠದಿಂದ ಮುರುಟಿದ ಕೈಗಳನ್ನು ಸರಿಪಡಿಸುವ ಚಿಕಿತ್ಸೆಯನ್ನು ಕುಳಿತು ಮಾಡಬಹುದು. ಗಾಲಿಕುರ್ಚಿಯಲ್ಲಿ ಕುಳಿತು ಅವರು ಅದನ್ನೇ ಮಾಡಿದರು. 1966ರಲ್ಲಿ ವೆಲ್ಲೂರಿನಲ್ಲಿ ತೆರೆದ ಪುನರ್ವಸತಿ ಸಂಸ್ಥೆ ಅವರ ದುಡಿಮೆಯ ಫಲ. ಅವರು ತಮ್ಮ ಕಾಲ ಮೇಲೆ ನಿಂತಿದ್ದರೆ? ನಮ್ಮ ನುಡಿಗಟ್ಟಿಗೆ ಈ ಪ್ರಶ್ನೆಯನ್ನು ಅಳೆಯುವ ಕೋಲಿಲ್ಲ.

ಅಷ್ಟಕ್ಕೂ ಬರಿಯ ಕಾಲ ಮೇಲೆ ನಿಂತವರು ಯಾರು? ಇದನ್ನು ಬರೆಯುವಾಗ ನನ್ನ ಮೂಗಿನ ಮೇಲೆ ಕನ್ನಡಕವಿದೆ. ತಳೆಯಿಲ್ಲದೆ ಕೊನೆಗಾರ ಮರವೇರಲಾರ. ಸಂಕವಿಲ್ಲದೆ ಮಳೆಗಾಲದಲ್ಲಿ ನಾನು ಹಳ್ಳ ದಾಟಲಾರೆ. ಇವನ್ನು ಯಾರೂ ಅಂಗವಿಕಲರ ಸಾಧನವೆಂದು ಕರೆಯುವುದಿಲ್ಲ. ನನಗೆ ಬೇಕಾದುದಕ್ಕೆ ಸೌಕರ್ಯವೆಂದೂ ಅವನಿಗೆ ಬೇಕಾದುದಕ್ಕೆ ದಾನವೆಂದೂ ಹೆಸರಿಟ್ಟವರು ನಾವೇ. ಅದು ಹಕ್ಕು ಎಂದು ಹೇಳುವ ಕಾನೂನು 2016ರಲ್ಲಿ ಬಂದಿದೆ. ಕಾನೂನಿಗೆ ತಿಳಿದದ್ದು ಎದೆಗೆ ತಿಳಿಯಲು ಇನ್ನಷ್ಟು ಕಾಲ ಬೇಕಾದೀತು.

ಸಂಕ ಕೊನೆಗೂ ಅಗಲವಾಯಿತು. ಸಿಮೆಂಟಿನದು, 1 ಅಡಿ ಏರಿಗೆ 12 ಅಡಿ ಉದ್ದದ ಇಳಿಜಾರು, ಎರಡು ಬದಿಗೂ ಗಾಲಿ ಜಾರದಂತೆ ಅಂಚು. ಈಗ ಕೊಯ್ಲಿನ ಕಾಲದಲ್ಲಿ ಅವನು ನಮ್ಮ ತೋಟದ ದಾರಿಯವರೆಗೆ ತಾನೇ ಬರುತ್ತಾನೆ. ಈಚೆಗೆ ಹುಡುಗರು ನೆಲದ ಮೇಲೆ ನಿಂತೇ ಕಾರ್ಬನ್ ಫೈಬರಿನ ಉದ್ದನೆಯ ದೋಟಿಯಿಂದ ಕೊನೆ ಇಳಿಸುತ್ತಾರೆ. ಯಾವ ಕೊನೆ ಬಲಿತಿದೆ, ಯಾವುದನ್ನು ಬಿಡಬೇಕು ಎಂಬುದನ್ನು ಅವನು ಕತ್ತೆತ್ತಿ ನೋಡಿ ಹೇಳುತ್ತಾನೆ. ಅದಕ್ಕೆ ಕೂಲಿಯೂ ಉಂಟು.

ಅವನು ಮೊದಲ ಸಲ ಆ ಸಂಕ ದಾಟಿದ ದಿನ ನಾನು ಹಿಂದಿನಿಂದ ಹೋಗಿ ಕುರ್ಚಿಯ ಹಿಡಿಗೆ ಕೈಹಾಕಿದೆ. 'ಬಿಡಿ ಹೆಗಡೇರೇ, ಬೇಕಾದ್ರೆ ಕರೀತೇನೆ' ಎಂದ. ಬಿಟ್ಟೆ. ಬಿಡುವುದು ಅಷ್ಟು ಕಷ್ಟವೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಮಳೆಗಾಲದಲ್ಲಿ ಇಳಿಜಾರಿಗೆ ಪಾಚಿ ಕಟ್ಟಿ ಗಾಲಿ ಜಾರುವಾಗ ಅವನು ಕರೆಯುವುದೂ ಉಂಟು. ಆಗ ಹೋಗುತ್ತೇನೆ.