ಅಳೆಯದೆ ಕೊಂಡ ಕಾರ್ಡು

ಹತ್ತು ದಿನ ಆ ಗ್ರಾಫಿಕ್ಸ್ ಕಾರ್ಡು ನಮ್ಮ ಮನೆಯ ಶೋಕೇಸಿನ ಮೇಲೆ ಸುಮ್ಮನೆ ಕೂತಿತ್ತು. ಕಾಲೇಜಿನಿಂದ ಬಂದ ಮಗಳು ದಿನಾ ಒಮ್ಮೆ ಅದರ ಕಡೆ ನೋಡುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ. ಕೇಳಿದ್ದರೇ ವಾಸಿಯಿತ್ತು. ಕಂಡದ್ದನ್ನು ಬೇಗ ಕೊಂಡುಬಿಡುವ ನನ್ನ ಚಟ ಇವತ್ತು ನಿನ್ನೆಯದಲ್ಲ. ಆದರೆ ಅದು ನನ್ನನ್ನು ಅಷ್ಟು ನೋಯಿಸಿದ್ದು ಆ ಹತ್ತು ದಿನಗಳಲ್ಲೇ.

ನಮ್ಮದು ಹಳೆಯ ಕಂಪ್ಯೂಟರು. 2013ರಲ್ಲಿ ಬಂದ ಐ5-4570 ಪ್ರೊಸೆಸರು, 8 ಜಿಬಿ ರ್‍ಯಾಮು, ಕಿರ್‍ರೆನ್ನುವ ಹಾರ್ಡ್‌ಡಿಸ್ಕು. ಮಗಳು ವಿಡಿಯೊ ಎಡಿಟಿಂಗ್ ಕಲಿಯಲು ಹೊರಟಳು. ಕಂಪ್ಯೂಟರು ಮಿಸುಕಾಡದೆ ನಿಂತುಬಿಡುತ್ತಿತ್ತು. ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದು ಅದೇ ಸಂಜೆ ನಿರ್ಧರಿಸಿದೆ. ಮಾರನೆಯ ದಿನವೇ ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1050 ಟಿಐ ಒಂದನ್ನು ಕೊಂಡು ತಂದೆ. 2016ರ ಕಾರ್ಡು, 75 ವ್ಯಾಟ್ ಸಾಕು, ಅಷ್ಟನ್ನು ಮದರ್‌ಬೋರ್ಡಿನ ಸ್ಲಾಟೇ ಕೊಡುತ್ತದೆ, ಬೇರೆ ಕರೆಂಟ್ ವೈರ್ ಬೇಡ ಎಂದು ಓದಿದ್ದೆ. ಓದಿದ್ದು ನಿಜವೇ. ಆದರೆ ಅದೇ ಹೆಸರಿನಲ್ಲಿ, ಸ್ವಲ್ಪ ವೇಗ ಹೆಚ್ಚಿಸಿ, 6 ಪಿನ್ನಿನ ಪ್ರತ್ಯೇಕ ವೈರ್ ಬೇಡುವ ಕಾರ್ಡುಗಳೂ ಇವೆ. ನಾನು ತಂದದ್ದು ಅಂಥದ್ದು. ಎರಡು ಫ್ಯಾನಿನ ಉದ್ದನೆಯ ಕಾರ್ಡು. ಒಳಗಿಡಲು ಹೋದರೆ ಹಾರ್ಡ್‌ಡಿಸ್ಕಿನ ಗೂಡಿಗೆ ತಾಗುತ್ತಿತ್ತು. ಕಂಪ್ಯೂಟರಿಗೆ ಕರೆಂಟ್ ಕೊಡುವ ನಮ್ಮ ಎಸ್‌ಎಂಪಿಎಸ್‌ನಲ್ಲಿ 6 ಪಿನ್ನಿನ ವೈರೇ ಇರಲಿಲ್ಲ. ಮಾರಿದವನು ಸುಳ್ಳು ಹೇಳಿರಲಿಲ್ಲ. ಅವನು ಕಳಿಸಿದ ಫೋಟೊದಲ್ಲಿ ಆ ಸಾಕೆಟ್ಟು ಎದ್ದು ಕಾಣುತ್ತಿತ್ತು. ನೋಡದೇ ಹೋದವನು ನಾನು.

ಕನ್ವರ್ಟರ್ ವೈರ್ ಸಿಗುತ್ತದೆಂದು ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋದೆ. ಶನಿವಾರದ ಮಧ್ಯಾಹ್ನ, ಕೈಗಾಡಿ, ಸ್ಕೂಟರು, ರಟ್ಟಿನ ಡಬ್ಬಗಳ ನಡುವೆ ನುಸುಳಿ ಒಂದು ಚಿಕ್ಕ ಅಂಗಡಿಗೆ ಬಂದೆ. ಅಂಗಡಿಯವರಿಗೆ ಅರವತ್ತರ ಆಸುಪಾಸು. ಹಾರ್ಡ್‌ಡಿಸ್ಕಿಗೆ ಹೋಗುವ ಸಾಟಾ ವೈರಿನಿಂದ ಕಾರ್ಡಿಗೆ ಕರೆಂಟ್ ಕೊಡುವ ಕನ್ವರ್ಟರ್ ಬೇಕು ಎಂದೆ.

“ಎಸ್‌ಎಂಪಿಎಸ್ ಎಷ್ಟು ವ್ಯಾಟ್ ಸರ್?”

ಗೊತ್ತಿರಲಿಲ್ಲ.

“ಕ್ಯಾಬಿನೆಟ್ ಒಳಗೆ ಕಾರ್ಡಿಗೆ ಎಷ್ಟು ಉದ್ದ ಜಾಗ ಇದೆ?”

ಗೊತ್ತಿರಲಿಲ್ಲ.

“ಈಗ ಕಂಪ್ಯೂಟರ್ ನಿಧಾನ ಆಗ್ತಿರೋದು ಯಾವುದರಿಂದ ಅಂತ ನೋಡಿದೀರಾ?”

ಅದೂ ಇಲ್ಲ. ಅವರು ನಗಲಿಲ್ಲ. ಒಂದು ವೈರ್ ತೆಗೆದು ಅದರ ತುದಿಯನ್ನು ಬೆರಳಿನಿಂದ ತೋರಿಸಿದರು. “ಸಾಟಾ ಪಿನ್ನು 12 ವೋಲ್ಟ್‌ನಲ್ಲಿ ನಾಲ್ಕೂವರೆ ಆಂಪ್ ತಡ್ಕೊಳತ್ತೆ, ಅಂದ್ರೆ 54 ವ್ಯಾಟ್. 6 ಪಿನ್ ಸಾಕೆಟ್ಟು 75ರ ತನಕ ಎಳೀಬಹುದು. ಲೋಡ್ ಜಾಸ್ತಿ ಆದರೆ ಇಲ್ಲಿ ಕರಗತ್ತೆ. ಇದು ನಿಮಗೆ ಕೊಡಲ್ಲ ಸರ್. ಮನೆಗೆ ಹೋಗಿ, ಟೇಪ್ ಹಿಡಿದು ಅಳೆದು, ಬರ್ಕೊಂಡು ಬನ್ನಿ.”

ವ್ಯಾಪಾರ ಕೈಬಿಟ್ಟು ಬುದ್ಧಿ ಹೇಳಿದ ಆ ಮನುಷ್ಯನಿಗೆ ನಾನು ಋಣಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಅಪ್ಪ ಖರ್ಚಿನ ವಿಷಯ ಬಂದಾಗಲೆಲ್ಲ ಹೇಳುತ್ತಿದ್ದರು. ಹಾಗಾಗಿ ಅದು ದುಡ್ಡಿನ ಗಾದೆ, ಬಡತನದ ಗಾದೆ ಎಂದೇ ತಿಳಿದಿದ್ದೆ. ಎಸ್‌.ಪಿ. ರಸ್ತೆಯಿಂದ ಬಸ್ಸಿನಲ್ಲಿ ಮರಳುವಾಗ ಅದು ಬೇರೆಯಾಗಿ ಕೇಳಿಸಿತು. ಹಾಸಿಗೆ ಎಷ್ಟುದ್ದ ಇದೆ ಎಂದು ತಿಳಿದವನು ತಾನೇ ಇದ್ದಷ್ಟು ಚಾಚುವುದು? ನನಗೆ ಹಾಸಿಗೆಯ ಅಳತೆಯೇ ಗೊತ್ತಿರಲಿಲ್ಲ. ಬಜೆಟ್ಟಿನೊಳಗೇ ಕೊಂಡಿದ್ದೆ, ಸಾಲ ಮಾಡಿರಲಿಲ್ಲ; ಆದರೂ ಕಾಲು ಹೊರಗೇ ಇತ್ತು. ಅಳೆಯಲು ಹಾಸಿಗೆಯ ಪಕ್ಕ ಬಗ್ಗಿ ಕೂರಬೇಕು. ನಾವು ಬಗ್ಗುವುದಿಲ್ಲ. ಮಗುವಿಗೆ ಲೆಕ್ಕ ಬರುತ್ತಿಲ್ಲವೆಂದರೆ ಎಲ್ಲಿ ತಡವರಿಸುತ್ತಿದೆ ಎಂದು ಪಕ್ಕ ಕೂತು ನೋಡದೆ ಟ್ಯೂಷನ್ನಿಗೆ ಸೇರಿಸುತ್ತೇವೆ. ಮಂಡಿ ನೋವೆಂದರೆ ದಿನಕ್ಕೆಷ್ಟು ನಡೆಯುತ್ತೇವೆಂದು ಲೆಕ್ಕ ಹಾಕದೆ ದುಬಾರಿ ಶೂ ತರುತ್ತೇವೆ. ತಂದ ಮೇಲೆ ಏನೋ ಮಾಡಿದೆವೆಂಬ ಸಮಾಧಾನ ಎರಡು ದಿನ ಇರುತ್ತದೆ. ಇದು ಸೋಮಾರಿತನ. ದುಡ್ಡು ಕೊಟ್ಟು ತಂದ ಮಾತ್ರಕ್ಕೆ ಅದು ಕಾಳಜಿ ಎನಿಸಿಕೊಳ್ಳುವುದಿಲ್ಲ.

ಆ ರಾತ್ರಿ ಮಗಳ ಪಕ್ಕ ಕೂತು, ಅವಳು ಕೆಲಸ ಮಾಡುವಾಗ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟೆ. ಫೈಲ್ ತೆರೆದರೆ ಸಾಕು, ಡಿಸ್ಕು ನೂರು ಪರ್ಸೆಂಟು. ರ್‍ಯಾಮು ಅಂಚಿಗೆ ಬಂದಿತ್ತು. “ನಂಗೆ ಮೊದಲಿಂದ ತೊಂದರೆ ಅಲ್ಲೇ ಅಪ್ಪಾ, ಕ್ಲಿಪ್ ಓಪನ್ ಆಗೋದೇ ಲೇಟು” ಎಂದಳು. ಇಷ್ಟು ದಿನ ಅವಳನ್ನು ನಾನು ಕೇಳಿಯೇ ಇರಲಿಲ್ಲ. ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದರೆ ಪ್ರೊಸೆಸರ್ ಫ್ಯಾನಿನ ರೆಕ್ಕೆಗಳ ಮೇಲೆ ಕಂಬಳಿಯಂತೆ ಧೂಳು ಕೂತಿತ್ತು. ಪೇಂಟ್ ಬ್ರಷ್ಷಿನಲ್ಲಿ ಇಬ್ಬರೂ ನಿಧಾನವಾಗಿ ಕೆರೆದು ತೆಗೆದೆವು.

ಮೊದಲು ಎಸ್‌ಎಸ್‌ಡಿ ಹಾಕಿಸಿದೆವು, ಖಾಲಿಯಿದ್ದ ಸ್ಲಾಟಿಗೆ ಇನ್ನೊಂದು 8 ಜಿಬಿ ಡಿಡಿಆರ್3 ರ್‍ಯಾಮು. ಅರ್ಧಕ್ಕರ್ಧ ಗೋಳು ಅಲ್ಲಿಗೇ ತೀರಿತು. ಕಾರ್ಡು ಬೇಡವೇ ಬೇಡವೆಂದಲ್ಲ. ಅವಳು ಕಲಿಯುತ್ತಿದ್ದ ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್ ಬಹಳಷ್ಟು ಕೆಲಸವನ್ನು ಗ್ರಾಫಿಕ್ಸ್ ಕಾರ್ಡಿನ ಮೇಲೇ ಹಾಕುತ್ತದೆ. ಅಳತೆ ಬರೆದುಕೊಂಡು ಅದೇ ಅಂಗಡಿಗೆ ಹೋಗಿ, ಹಳೆಯದನ್ನು ಕೊಟ್ಟು, ಮೇಲೊಂದಷ್ಟು ಹಣ ಸೇರಿಸಿ, ಒಂಟಿ ಫ್ಯಾನಿನ, ಬೇರೆ ವೈರ್ ಬೇಡದ ಜಿಟಿಎಕ್ಸ್ 1650 ತಂದೆ.

ನೀವೂ ಹಳೆಯ ಕಂಪ್ಯೂಟರಿಗೆ ಕಾರ್ಡ್ ಹಾಕುವವರಾದರೆ ದಯವಿಟ್ಟು ಒಂದು ವಾರ ತಡೆಯಿರಿ. ಎಸ್‌ಎಂಪಿಎಸ್ ಮೇಲಿನ ಲೇಬಲ್ ಓದಿ. ಸ್ಲಿಮ್ ಕ್ಯಾಬಿನೆಟ್ಟಾದರೆ ಲೋ ಪ್ರೊಫೈಲ್ ಕಾರ್ಡೇ ಬೇಕು. ಬರೀ ಹೆಸರು ನಂಬಬೇಡಿ: ಜಿಟಿ 1030 ಎಂಬ ಒಂದೇ ಹೆಸರಿನಲ್ಲಿ ಎರಡು ಬಗೆ ಬಂದಿವೆ, ಜಿಡಿಡಿಆರ್5 ಮೆಮೊರಿಯದ್ದು ಸೆಕೆಂಡಿಗೆ 48 ಜಿಬಿ ಸಾಗಿಸಿದರೆ ಡಿಡಿಆರ್4ನದ್ದು 16.8 ಮಾತ್ರ. ಆರ್‌ಎಕ್ಸ್ 6400 ಮದರ್‌ಬೋರ್ಡಿನೊಂದಿಗೆ ನಾಲ್ಕೇ ಪಿಸಿಐಇ ಲೇನ್ ಬಳಸುವುದರಿಂದ ಹಳೆಯ ಬೋರ್ಡುಗಳಲ್ಲಿ ಸೊರಗುತ್ತದೆ. ವಿಂಡೋಸ್ 10ರ ಸಾಮಾನ್ಯ ಸಪೋರ್ಟು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ನಮ್ಮಂಥ ಪ್ರೊಸೆಸರುಗಳಿಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ; ಹಳೆಯ ಪೆಟ್ಟಿಗೆಗೆ ಎಷ್ಟು ದುಡ್ಡು ಸುರಿಯಬೇಕೆಂಬ ಲೆಕ್ಕದಲ್ಲಿ ಇದನ್ನೂ ಸೇರಿಸಿ. ಎಲ್ಲಕ್ಕಿಂತ ಮೊದಲು, ಆ ಕಂಪ್ಯೂಟರಿನ ಮುಂದೆ ದಿನವೂ ಕೂರುವವರನ್ನು ಕೇಳಿ. ಒಂದು ವಾರದಲ್ಲಿ ಯಾವ ಕಾರ್ಡೂ ಓಡಿಹೋಗುವುದಿಲ್ಲ.

ನನ್ನ ಚಟ ಪೂರ್ತಿ ಹೋಗಿದೆ ಎನ್ನಲಾರೆ. ಹೋದ ತಿಂಗಳು ಮಾನಿಟರ್ ಒಂದನ್ನು ನೋಡಿ ಮತ್ತೆ ಕೈ ತುರಿಸಿತು. ಮಗಳು ಕ್ಯಾಬಿನೆಟ್ಟಿನ ತಗಡಿನ ಒಳಬದಿಗೆ ಅಂಟಿಸಿದ ಚೀಟಿ ನೆನಪಾಗಿ ಹಾಗೇ ವಾಪಸು ಬಂದೆ. ನೀಲಿ ಇಂಕಿನಲ್ಲಿ, ಅವಳ ದುಂಡು ಅಕ್ಷರದಲ್ಲಿ ಹೀಗಿದೆ: “ಎಸ್‌ಎಂಪಿಎಸ್ 300 ವ್ಯಾಟ್, 6 ಪಿನ್ ಇಲ್ಲ. ಕಾರ್ಡಿಗೆ ಜಾಗ 19 ಸೆಂ.ಮೀ. ರ್‍ಯಾಮ್ ಸ್ಲಾಟ್ ಎರಡು, ಎರಡೂ ಭರ್ತಿ. ಅಪ್ಪಾ, ಮೊದಲು ನನ್ನ ಕೇಳು.”